ಪೋಲೆಂಡಿನ ಹೆಂಗಸರ ಮುಷ್ಕರ: ಬೀದಿ ತುಂಬಿತು, ಸರ್ಕಾರ ಬಿತ್ತು, ಕಾನೂನು ಹಾಗೇ ಉಳಿಯಿತು

2020ರ ಅಕ್ಟೋಬರ್ 22ರಂದು ಪೋಲೆಂಡಿನ ಸಾಂವಿಧಾನಿಕ ನ್ಯಾಯಮಂಡಳಿ ಒಂದು ತೀರ್ಪು ಕೊಟ್ಟಿತು. ಭ್ರೂಣಕ್ಕೆ ವಾಸಿಯಾಗದ ದೊಡ್ಡ ತೊಂದರೆ ಇದೆ ಅಂತ ವೈದ್ಯರೇ ಹೇಳಿದರೂ ಗರ್ಭಪಾತ ಮಾಡುವಂತಿಲ್ಲ, ಅದು ಸಂವಿಧಾನಕ್ಕೆ ವಿರುದ್ಧ ಅನ್ನುವುದು ತೀರ್ಪಿನ ಸಾರ. ಅಲ್ಲಿಯ ಕಾನೂನಿನಲ್ಲಿ ಮೂರೇ ಮೂರು ವಿನಾಯಿತಿಗಳಿದ್ದವು: ತಾಯಿಯ ಜೀವಕ್ಕೋ ಆರೋಗ್ಯಕ್ಕೋ ಅಪಾಯ, ಅತ್ಯಾಚಾರ ಇಲ್ಲವೇ ಹತ್ತಿರದ ರಕ್ತಸಂಬಂಧದಿಂದಾದ ಗರ್ಭ, ಮತ್ತು ಭ್ರೂಣದ ತೀವ್ರ ಸಮಸ್ಯೆ. ತೆಗೆದದ್ದು ಮೂರರಲ್ಲಿ ಒಂದನ್ನು ಮಾತ್ರ. ಆದರೆ 2019ರಲ್ಲಿ ಆ ದೇಶದ ಆಸ್ಪತ್ರೆಗಳಲ್ಲಿ ಕಾನೂನಿನ ಪ್ರಕಾರ ಆದ ಗರ್ಭಪಾತಗಳು ಒಟ್ಟು 1,110, ಅದರಲ್ಲಿ 1,074 ಈ ಒಂದೇ ಕಾರಣಕ್ಕೆ ಆದವು. ಉಳಿದ ಎರಡು ವಿನಾಯಿತಿಗಳು ಹೆಚ್ಚುಕಡಿಮೆ ಕಾಗದದ ಮೇಲಷ್ಟೇ ಇದ್ದವು.

ಅವತ್ತು ರಾತ್ರಿಯೇ ಜನ ವಾರ್ಸಾದ ಝೊಲಿಬೋಷ್ ಬಡಾವಣೆಯ ಕಡೆಗೆ ನಡೆದರು. ಅಲ್ಲಿ ಆಳುವ ಪಕ್ಷದ ಮುಖ್ಯಸ್ಥ ಯಾರೊಸ್ವಾಫ್ ಕಚಿನ್ಸ್ಕಿ ಅವರ ಮನೆ ಇದೆ. ಸುಮಾರು ಒಂದು ವಾರದಲ್ಲಿ, ಅಕ್ಟೋಬರ್ 28ರಂದು, ಪೊಲೀಸರ ಲೆಕ್ಕದಲ್ಲೇ ದೇಶದ 400ಕ್ಕೂ ಹೆಚ್ಚು ಕಡೆ 4 ಲಕ್ಷ 30 ಸಾವಿರ ಜನ ಬೀದಿಯಲ್ಲಿದ್ದರು. ಕೊರೊನಾ ಕಾಲ ಅದು, ಐದು ಜನಕ್ಕಿಂತ ಜಾಸ್ತಿ ಸೇರುವುದೇ ಅಪರಾಧ. ಮೂರು ವರ್ಷದ ನಂತರ ಆ ಪಕ್ಷ ಅಧಿಕಾರ ಕಳೆದುಕೊಂಡಿತು. ಆದರೂ ಗರ್ಭಪಾತದ ಕಾನೂನು ಇನ್ನೂ ಹಾಗೇ ಇದೆ.

ಇಷ್ಟು ದೊಡ್ಡ ಚಳವಳಿ, ಇಷ್ಟು ಗೆಲುವು, ಆದರೂ ಯಾಕೆ ಹೀಗಾಯಿತು? ಜನಪ್ರಿಯತೆಯ ಅಲೆ ಮೇಲೆ ಬಂದ, ಹೆಣ್ಣಿನ ಜಾಗ ಮನೆ ಅನ್ನುವ ನಾಯಕರನ್ನು ಎದುರಿಸುವ ಯಾವ ಊರಿನ ಹೆಂಗಸರಿಗೂ ಈ ಪ್ರಕರಣ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಅಂಥ ನಾಯಕ ಆಡುವ ಮಾತಿಗೆ ನಾವು ಉರಿದು ಬೀಳುತ್ತೇವೆ. ಅದೇ ಹೊತ್ತಿಗೆ ಆತ ಯಾವ ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತಿದ್ದಾನೆ ಅನ್ನುವುದರ ಮೇಲೆ ಅಷ್ಟೇ ಕಣ್ಣಿಡಬೇಕು. ಪೋಲೆಂಡಿನಲ್ಲಿ ಎಲ್ಲ ಸಿಕ್ಕಿಹಾಕಿಕೊಂಡದ್ದು ಆ ಕುರ್ಚಿಗಳಲ್ಲಿ.

ಹಿಂದಿನ ಕಥೆ

ಪೋಲೆಂಡ್ ಮೊದಲಿನಿಂದಲೂ ಹೀಗಿರಲಿಲ್ಲ. ಕಮ್ಯುನಿಸ್ಟರ ಕಾಲದಲ್ಲಿ, 1956ರಲ್ಲೇ, ಬದುಕಿನ ಕಷ್ಟದ ಕಾರಣಕ್ಕೂ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬಂದಿತ್ತು. ಕಮ್ಯುನಿಸ್ಟ್ ಆಳ್ವಿಕೆ 1989ರಲ್ಲಿ ಮುಗಿಯಿತು. ಅದನ್ನು ಮುಗಿಸುವುದರಲ್ಲಿ ಸಾಲಿಡಾರಿಟಿ ಕಾರ್ಮಿಕ ಸಂಘಟನೆಯ ಪಾತ್ರ ದೊಡ್ಡದು, ಕ್ಯಾಥೊಲಿಕ್ ಚರ್ಚಿನ ಪಾತ್ರವೂ ದೊಡ್ಡದು, ಆಗ ಪೋಪ್ ಆಗಿದ್ದವರೇ ಪೋಲೆಂಡಿನವರು. ಸ್ವಾತಂತ್ರ್ಯ ಬಂದ ಮೇಲೆ ಚರ್ಚು ಮುಂದಿಟ್ಟ ಮೊದಲ ಬೇಡಿಕೆಗಳಲ್ಲಿ ಗರ್ಭಪಾತ ನಿಷೇಧ ಒಂದು. ಸಾಲಿಡಾರಿಟಿಯ ಒಳಗೇ ಇದ್ದ ಮಹಿಳಾ ವಿಭಾಗ ಅದನ್ನು ವಿರೋಧಿಸಿತು, ವಿಭಾಗವನ್ನೇ ಇಲ್ಲವಾಗಿಸಿದರು. ಈ ವಿಷಯದಲ್ಲಿ ಜನಮತಗಣನೆ ಮಾಡಿ ಅಂತ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹವಾಯಿತು, ಸಂಸತ್ತು ಅದನ್ನು ಪಕ್ಕಕ್ಕೆ ತಳ್ಳಿತು. 1993ರಲ್ಲಿ ಮೂರು ವಿನಾಯಿತಿಗಳ ಕಾನೂನು ಬಂತು. ರಾಜಕಾರಣಿಗಳು ಅದನ್ನು ‘ರಾಜಿ’ ಅಂತ ಕರೆದರು. ಚರ್ಚು ಮತ್ತು ರಾಜಕಾರಣಿಗಳ ನಡುವಿನ ರಾಜಿ ಅದು. ಅದರಲ್ಲಿ ಹೆಂಗಸರನ್ನು ಯಾರೂ ಕೇಳಿರಲಿಲ್ಲ.

1996ರಲ್ಲಿ ಸಂಸತ್ತು ಈ ಕಾನೂನನ್ನು ಒಮ್ಮೆ ಸಡಿಲಿಸಿತು, ಮರುವರ್ಷ ಸಾಂವಿಧಾನಿಕ ನ್ಯಾಯಮಂಡಳಿ ಆ ಸಡಿಲಿಕೆಯನ್ನು ರದ್ದುಮಾಡಿತು. ಆಮೇಲೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಅಧಿಕಾರಕ್ಕೆ ಬಂದ ಯಾವ ದೊಡ್ಡ ಪಕ್ಷವೂ ಈ ರಾಜಿಯನ್ನು ಬದಲಿಸಲಿಲ್ಲ. ಉದಾರವಾದಿಗಳು ಅಂತ ಹೇಳಿಕೊಳ್ಳುತ್ತಿದ್ದವರೂ ಬದಲಿಸಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇದೇ ಮತ್ತೆ ಕಾಡುತ್ತದೆ.

2015ರ ಅಕ್ಟೋಬರಿನಲ್ಲಿ ‘ಕಾನೂನು ಮತ್ತು ನ್ಯಾಯ’ ಪಕ್ಷ ಗೆದ್ದಿತು. ಅಲ್ಲಿಯವರು ಅದನ್ನು ಪಿಸ್ ಅನ್ನುತ್ತಾರೆ. ಬಂದದ್ದು ಶೇಕಡ 37.6 ಮತ, ಆದರೆ 460 ಸ್ಥಾನಗಳ ಕೆಳಮನೆಯಲ್ಲಿ 235 ಸಿಕ್ಕಿದವು. ರಾಷ್ಟ್ರಪತಿ ಆಂದ್ಜೆಯ್ ದೂದಾ ಕೂಡ ಅದೇ ಕಡೆಯವರು. ಪ್ರಧಾನಿ ಆದದ್ದು ಬೆಯಾತಾ ಶಿದ್ವೊ ಅನ್ನುವ ಮಹಿಳೆ. ಹುದ್ದೆಯೇ ಇಲ್ಲದ ಕಚಿನ್ಸ್ಕಿ ಸಾಮಾನ್ಯ ಸಂಸದರಾಗಿ ಕೂತು ಎಲ್ಲವನ್ನೂ ನಡೆಸುತ್ತಿದ್ದರು. ಹೆಣ್ಣುಮಗಳೊಬ್ಬಳು ಮೇಲಿನ ಕುರ್ಚಿಯಲ್ಲಿದ್ದರೆ ಆಳ್ವಿಕೆಯ ಗಂಡಾಳಿಕೆ ಕಡಿಮೆಯಾಗುತ್ತದೆ ಅನ್ನುವವರು ಈ ಉದಾಹರಣೆ ನೋಡಬೇಕು. ಗರ್ಭಪಾತದ ತೀರ್ಪು ಕೊಟ್ಟ ನ್ಯಾಯಮಂಡಳಿಯ ಅಧ್ಯಕ್ಷೆಯೂ ಮಹಿಳೆಯೇ, ಯೂಲಿಯಾ ಪ್ಶಿವೆಂಪ್ಸ್ಕಾ.

ಪಿಸ್ ಪಕ್ಷವನ್ನು ಸುಮ್ನೆ ಹಳೇ ಕಾಲದ ಸಂಪ್ರದಾಯಸ್ಥರ ಗುಂಪು ಅಂತ ತಳ್ಳಿಹಾಕಿದರೆ ಏನೂ ಅರ್ಥವಾಗುವುದಿಲ್ಲ. 2016ರ ಏಪ್ರಿಲ್‌ನಿಂದ ಅವರು ಎರಡನೇ ಮಗುವಿನಿಂದ ಶುರುಮಾಡಿ ಪ್ರತಿ ಮಗುವಿಗೆ ತಿಂಗಳಿಗೆ 500 ಝ್ಲೋಟಿ ಕೊಟ್ಟರು, ಬಡ ಮನೆಗಳಲ್ಲಿ ಮೊದಲ ಮಗುವಿಗೂ ಕೊಟ್ಟರು. 2019ರಿಂದ ಎಲ್ಲ ಮಕ್ಕಳಿಗೂ ಬಂತು. ಮಕ್ಕಳಿರುವ ಮನೆಗಳ ಬಡತನ ನಿಜಕ್ಕೂ ಇಳಿಯಿತು. ಹಳ್ಳಿಯ, ಸಣ್ಣ ಊರಿನ ಎಷ್ಟೋ ತಾಯಂದಿರಿಗೆ ಜೀವನದಲ್ಲಿ ಮೊದಲ ಸಲ ಸರ್ಕಾರ ತಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡಿತು ಅನ್ನಿಸಿತು. ಅದಕ್ಕೆ ಮುಂಚೆ ಆಳಿದ ನಗರದ ಉದಾರವಾದಿಗಳು ಇಂಥವರ ಕಡೆ ತಿರುಗಿಯೂ ನೋಡಿರಲಿಲ್ಲ, ದುಡ್ಡಿಲ್ಲ ಅಂತಲೇ ಹೇಳುತ್ತಾ ಬಂದಿದ್ದರು. ಹಣದ ಜೊತೆಗೆ ಒಂದು ಕಥೆಯೂ ಬಂತು. ನಿಜವಾದ ಪೋಲೆಂಡ್ ಅಂದರೆ ಕುಟುಂಬ, ಕುಟುಂಬ ಅಂದರೆ ತಾಯಿ, ತಾಯಿಯ ಹಿಂದೆ ಚರ್ಚು, ಇದನ್ನು ಒಪ್ಪದವರು ಹೊರಗಿನವರ ಏಜೆಂಟರು, ಇಷ್ಟೇ ಕಥೆ. ಇದಕ್ಕೆ ಬೇಕಾದ ಭಾಷೆಯನ್ನು ಬಿಷಪ್ಪರು 2013ರ ಡಿಸೆಂಬರಿನ ಪತ್ರದಲ್ಲೇ ಒದಗಿಸಿದ್ದರು. ಗಂಡು ಹೆಣ್ಣಿನ ಪಾತ್ರಗಳು ಸಮಾಜ ಕಟ್ಟಿದವು ಅನ್ನುವ ‘ಜೆಂಡರ್ ಸಿದ್ಧಾಂತ’ ದೇಶದ ಕುಟುಂಬಗಳನ್ನು ಹಾಳುಮಾಡುತ್ತದೆ ಅಂತ ಅದರಲ್ಲಿ ಎಚ್ಚರಿಸಿದ್ದರು.

ಹೀಗಾಗಿ ಅಲ್ಲಿಯ ಸ್ತ್ರೀವಾದಿಗಳ ಕೆಲಸ ಬಹಳ ಕಷ್ಟದ್ದಾಯಿತು. ತಾಯಂದಿರ ಕೈಗೆ ಹಣ ಕೊಡುವ ಸರ್ಕಾರವನ್ನು ಹೆಂಗಸರ ವಿರೋಧಿ ಅನ್ನಬೇಕಿತ್ತು, ಅದೂ ಆ ಹಣ ಪಡೆಯುವ ಹೆಂಗಸರಿಗೇ ಅರ್ಥವಾಗುವ ಹಾಗೆ.

ಕಪ್ಪು ಸೋಮವಾರ

ಅವಕಾಶವನ್ನು ಸರ್ಕಾರದ ಕಡೆಯವರೇ ಕೊಟ್ಟರು. 2016ರಲ್ಲಿ ಓರ್ಡೊ ಯೂರಿಸ್ ಅನ್ನುವ ಸಂಪ್ರದಾಯವಾದಿ ವಕೀಲರ ಸಂಸ್ಥೆ ಬರೆದ ಒಂದು ಮಸೂದೆ ಸಹಿ ಸಂಗ್ರಹದ ಮೂಲಕ ಸಂಸತ್ತಿಗೆ ಬಂತು. ತಾಯಿಯ ಜೀವ ಉಳಿಸುವ ಸಂದರ್ಭ ಬಿಟ್ಟರೆ ಗರ್ಭಪಾತ ಪೂರ್ತಿ ನಿಷೇಧ, ಮಾಡಿಸಿಕೊಂಡ ಹೆಣ್ಣಿಗೂ ಐದು ವರ್ಷದವರೆಗೆ ಜೈಲು. ಎದುರಿಗೆ ಬಾರ್ಬಾರಾ ನೊವಾತ್ಸ್ಕಾ ಮುಂದಾಳತ್ವದಲ್ಲಿ ಕಾನೂನು ಸಡಿಲಿಸುವ ಇನ್ನೊಂದು ಮಸೂದೆಯೂ ಸಹಿಗಳೊಂದಿಗೆ ಬಂತು. ಸೆಪ್ಟೆಂಬರ್ 23ರಂದು ಸಂಸತ್ತು ನಿಷೇಧದ ಮಸೂದೆಯನ್ನು ಸಮಿತಿಗೆ ಕಳಿಸಿತು, ಸಡಿಲಿಸುವ ಮಸೂದೆಯನ್ನು ಚರ್ಚೆಯ ಮೊದಲ ಹಂತದಲ್ಲೇ ಬಿಸಾಕಿತು.

ಆಗ ನಟಿ ಕ್ರಿಸ್ತಿನಾ ಯಾಂದಾ ಫೇಸ್‌ಬುಕ್ಕಿನಲ್ಲಿ ಐಸ್‌ಲ್ಯಾಂಡಿನ ಮಾತು ತೆಗೆದರು. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಸುಮಾರು ಶೇಕಡ 90ರಷ್ಟು ಹೆಂಗಸರು ಆಫೀಸು, ಅಡುಗೆ, ಮಕ್ಕಳು ಎಲ್ಲ ಬಿಟ್ಟು ಒಂದು ದಿನ ಹೊರಗೆ ಬಂದಿದ್ದರು. ವ್ರೊತ್ಸ್ವಾಫ್ ನಗರದ ವಕೀಲೆ ಮಾರ್ತಾ ಲೆಂಪಾರ್ತ್ ಮತ್ತಿತರರು ಆ ಮಾತನ್ನು ಹಿಡಿದುಕೊಂಡು ಅಕ್ಟೋಬರ್ 3ರ ಸೋಮವಾರಕ್ಕೆ ಮುಷ್ಕರ ಗೊತ್ತುಮಾಡಿದರು. ತಯಾರಿಗೆ ಸಿಕ್ಕಿದ್ದು ಕೆಲವೇ ದಿನ.

ಅವತ್ತು ಮಳೆ. ವಾರ್ಸಾದ ಚೌಕದ ತುಂಬ ಛತ್ರಿಗಳು, ಎಲ್ಲರ ಮೈಮೇಲೂ ಕಪ್ಪು ಬಟ್ಟೆ. ಛತ್ರಿ ಆಮೇಲೆ ಚಳವಳಿಯ ಗುರುತೇ ಆಯಿತು. ಪೊಲೀಸರ ಪ್ರಕಾರ 143 ಕಡೆ ಸುಮಾರು 98 ಸಾವಿರ ಜನ. ನನಗೆ ಮುಖ್ಯ ಅನ್ನಿಸುವುದು 98 ಸಾವಿರಕ್ಕಿಂತ ಆ 143. ವಾರ್ಸಾದಲ್ಲಿ ಲಕ್ಷ ಜನ ಸೇರಿಸಿದರೆ ಅದು ರಾಜಧಾನಿಯವರ ಗಲಾಟೆ ಅಂತ ಟಿವಿಯಲ್ಲಿ ಕೂತು ಹೇಳಿಬಿಡಬಹುದು. ಎಲ್ಲರಿಗೂ ಎಲ್ಲರೂ ಗೊತ್ತಿರುವ, ಭಾನುವಾರ ಚರ್ಚಿಗೆ ಹೋಗದಿದ್ದರೆ ಪಾದ್ರಿ ಮನೆಗೆ ವಿಚಾರಿಸಲು ಬರುವಂಥ ಸಣ್ಣ ಊರಿನಲ್ಲಿ ಮೂವತ್ತೋ ನಲವತ್ತೋ ಹೆಂಗಸರು ಕಪ್ಪು ಬಟ್ಟೆ ಹಾಕಿ ಪೇಟೆಯ ನಡುವೆ ನಿಲ್ಲುವುದು ಬೇರೆಯೇ ಧೈರ್ಯ. ಶಾಲೆಯ ಟೀಚರ್, ಔಷಧಿ ಅಂಗಡಿಯವರು, ಪಂಚಾಯಿತಿಯ ಗುಮಾಸ್ತೆ ಇಂಥವರು ನಾಳೆ ಬೆಳಗ್ಗೆ ಅದೇ ಮೇಲಧಿಕಾರಿಯ ಮುಂದೆ ಕೆಲಸಕ್ಕೆ ಹೋಗಬೇಕು. ನಿಜವಾದ ಜನ ನಮ್ಮ ಕಡೆ ಇದ್ದಾರೆ ಅಂತ ಹೇಳಿಕೊಳ್ಳುವ ಪಕ್ಷಕ್ಕೆ ಅದೇ ನಿಜವಾದ ಜನ ಎದುರು ನಿಂತದ್ದು ಅಲ್ಲಿಯೇ.

ವಿದೇಶಾಂಗ ಸಚಿವ ವಿತೊಲ್ದ್ ವಾಶ್ಚಿಕೊವ್ಸ್ಕಿ ‘ಆಟ ಆಡಿಕೊಳ್ಳಲಿ ಬಿಡಿ’ ಅನ್ನುವ ಧಾಟಿಯಲ್ಲಿ ಮಾತಾಡಿದರು. ಮೂರೇ ದಿನದಲ್ಲಿ, ಅಕ್ಟೋಬರ್ 6ರಂದು, ಸಂಸತ್ತು ಮಸೂದೆಯನ್ನು 352 ಮತಗಳಿಂದ ಸೋಲಿಸಿತು. ಪರ ಬಿದ್ದದ್ದು 58 ಮಾತ್ರ. ಪಿಸ್ ಸಂಸದರೇ ಕೈಬಿಟ್ಟರು. ಈ ಹೋರಾಟ ನಮಗೆ ವಿನಯ ಕಲಿಸಿತು ಅಂತ ಉಪಪ್ರಧಾನಿ ಯಾರೊಸ್ವಾಫ್ ಗೋವಿನ್ ಒಪ್ಪಿಕೊಂಡರು.

ಕಚಿನ್ಸ್ಕಿ ಕಲಿತ ಪಾಠ ಬೇರೆ. ಅದೇ ತಿಂಗಳು ಒಂದು ಸಂದರ್ಶನದಲ್ಲಿ ಅವರು ತಮ್ಮ ಗುರಿಯನ್ನು ಮುಚ್ಚುಮರೆ ಇಲ್ಲದೆ ಹೇಳಿದರು. ಬದುಕುವುದೇ ಇಲ್ಲ ಅಂತ ಗೊತ್ತಿರುವ, ತುಂಬಾ ವಿಕಲವಾಗಿರುವ ಮಗುವನ್ನೂ ತಾಯಿ ಹೆರುವ ಹಾಗೆ ಮಾಡುತ್ತೇವೆ, ಅದಕ್ಕೆ ದೀಕ್ಷಾಸ್ನಾನ ಕೊಟ್ಟು, ಹೆಸರಿಟ್ಟು, ಮಣ್ಣು ಮಾಡುವಂತಾಗಬೇಕು ಅಂದರು. ಆ ಮಾತನ್ನು ಓದಿದಾಗೆಲ್ಲ ನನಗೆ ಹೊಟ್ಟೆ ತೊಳಸುತ್ತದೆ. ಒಂಬತ್ತು ತಿಂಗಳು ಹೊರುವವಳು ಆ ಮಾತಿನಲ್ಲಿ ಎಲ್ಲಿದ್ದಾಳೆ?

ಗುರಿ ಬದಲಾಗಲಿಲ್ಲ, ದಾರಿ ಬದಲಾಯಿತು. ಸಂಸದರಿಗೆ ಮುಂದಿನ ಚುನಾವಣೆಯ ಭಯ ಇರುತ್ತದೆ, ಛತ್ರಿ ಹಿಡಿದವರನ್ನು ಕಂಡರೆ ಹಿಂದೆ ಸರಿಯುತ್ತಾರೆ. ನ್ಯಾಯಮಂಡಳಿಯ ನ್ಯಾಯಾಧೀಶರಿಗೆ ಒಂಬತ್ತು ವರ್ಷದ ಅವಧಿ, ಮತದಾರರ ಹಂಗಿಲ್ಲ. ಆ ಮಂಡಳಿಯನ್ನು ಕೈಗೆ ತೆಗೆದುಕೊಳ್ಳುವ ಕೆಲಸ 2015ರ ಕೊನೆಯಲ್ಲೇ ಶುರುವಾಗಿತ್ತು. ಹಿಂದಿನ ಸಂಸತ್ತು ಐವರು ನ್ಯಾಯಾಧೀಶರನ್ನು ಆರಿಸಿತ್ತು, ಅದರಲ್ಲಿ ಇಬ್ಬರನ್ನು ಅವಧಿಗೆ ಮುಂಚೆಯೇ ಆರಿಸಿದ್ದು ಅದರ ತಪ್ಪು. ಆದರೆ ದೂದಾ ಐವರಲ್ಲಿ ಒಬ್ಬರಿಗೂ ಪ್ರಮಾಣವಚನ ಬೋಧಿಸಲಿಲ್ಲ. ಪಿಸ್ ಬಹುಮತದ ಸಂಸತ್ತು ತನ್ನವರನ್ನು ಆರಿಸಿತು, ಅವರಿಗೆ ರಾತ್ರೋರಾತ್ರಿ ಪ್ರಮಾಣವಚನ ಆಯಿತು. 2019ರಲ್ಲಿ ಕ್ರಿಸ್ತಿನಾ ಪಾವ್ವೊವಿಚ್ ಮತ್ತು ಸ್ತಾನಿಸ್ವಾಫ್ ಪ್ಯೊತ್ರೊವಿಚ್ ಅನ್ನುವ ಪಿಸ್ ಪಕ್ಷದ ಮಾಜಿ ಸಂಸದರೇ ನ್ಯಾಯಾಧೀಶರಾಗಿ ಬಂದು ಕೂತರು. ಅದೇ ವರ್ಷ ಸಂಸದರ ಗುಂಪೊಂದು, 119 ಜನ, ಗರ್ಭಪಾತದ ವಿನಾಯಿತಿ ಸಂವಿಧಾನಬದ್ಧವೇ ಅಂತ ಆ ಮಂಡಳಿಯನ್ನೇ ಕೇಳಿತು.

ನ್ಯಾಯಾಲಯಗಳ ಪರವಾಗಿಯೂ ಪೋಲೆಂಡಿನಲ್ಲಿ ದೊಡ್ಡ ಮೆರವಣಿಗೆಗಳು ನಡೆದಿದ್ದವು, ಯಾರೂ ಮಲಗಿರಲಿಲ್ಲ. ಆದರೆ ನ್ಯಾಯಾಧೀಶರ ನೇಮಕದ ವಿಷಯ ಒಣ ವಿಷಯ. ಸಂವಿಧಾನ ಉಳಿಸಿ ಅನ್ನುವ ಮೆರವಣಿಗೆಗೆ ಬರುತ್ತಿದ್ದವರು ಬಹುಪಾಲು ವಯಸ್ಸಾದವರು. ಅದು ತನ್ನ ಗರ್ಭಕ್ಕೆ ಸಂಬಂಧಪಟ್ಟ ವಿಷಯ ಅಂತ ಇಪ್ಪತ್ತರ ಹುಡುಗಿಗೆ ಅನ್ನಿಸುವ ಹಾಗೆ ಯಾರೂ ಹೇಳಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ದೊಡ್ಡ ನಷ್ಟ ಇದು.

2020ರ ಚಳಿಗಾಲ

ತೀರ್ಪು ಬಂದದ್ದು ಸೋಂಕು ಏರುತ್ತಿದ್ದ ಹೊತ್ತಿನಲ್ಲಿ. ಜನ ಬರುವುದಿಲ್ಲ ಅಂತ ಎಣಿಸಿದ್ದರೆ ಆ ಎಣಿಕೆ ತಪ್ಪಿತು. 2016ರಲ್ಲಿ ಮಗುವಾಗಿದ್ದ ಹೈಸ್ಕೂಲು ಹುಡುಗಿಯರು ಈ ಸಲ ಮುಂದಿನ ಸಾಲಿನಲ್ಲಿದ್ದರು. ಮಾಸ್ಕಿನ ಮೇಲೆ, ಕಿಟಕಿಗಳಲ್ಲಿ, ಬಸ್ಸುಗಳಲ್ಲಿ ಕೆಂಪು ಮಿಂಚಿನ ಗುರುತು. ಅದನ್ನು ಬರೆದವರು ಓಲಾ ಯಾಶೊನೊವ್ಸ್ಕಾ ಅನ್ನುವ ಕಲಾವಿದೆ. ಕೆಲವು ಕಡೆ ಟ್ಯಾಕ್ಸಿ ಚಾಲಕರೂ ರೈತರೂ ಜೊತೆಗೆ ನಿಂತರು. ಅಕ್ಟೋಬರ್ 25ರ ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಚರ್ಚುಗಳ ಒಳಗೇ ಹೋಗಿ ಫಲಕ ಹಿಡಿದರು. ಪೋಲೆಂಡಿನಲ್ಲಿ ಅದು ಯಾರೂ ಕಂಡು ಕೇಳಿರದ ವಿಷಯ. ಕಮ್ಯುನಿಸ್ಟರ ಕಾಲದಲ್ಲಿ ಆಶ್ರಯ ಕೊಟ್ಟ ಚರ್ಚನ್ನು ಒಂದು ತಲೆಮಾರು ಬಹಿರಂಗವಾಗಿ ಪ್ರಶ್ನಿಸಿತು.

ಘೋಷಣೆಗಳು ಒರಟಾಗಿದ್ದವು. ‘ಇದು ಯುದ್ಧ’ ಅನ್ನುವುದು ಒಂದು. ಇನ್ನೊಂದು, ಮನೆಯಲ್ಲಿ ದೊಡ್ಡವರ ಮುಂದೆ ಆಡಲಾಗದಂಥ ಬೈಗುಳ, ತೊಲಗಿ ಅನ್ನುವುದರ ತೀರಾ ಕೆಟ್ಟ ರೂಪ. ಹೆಣ್ಣುಮಕ್ಕಳ ಬಾಯಲ್ಲಿ ಇಂಥ ಮಾತೇ ಅಂತ ಟಿವಿಗಳಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಒಬ್ಬ ಹೆಣ್ಣು ಆಸ್ಪತ್ರೆಯಲ್ಲಿ ಸಾಯಬಹುದು ಅನ್ನುವುದಕ್ಕಿಂತ ಅವಳ ಬೈಗುಳ ದೊಡ್ಡ ಸುದ್ದಿ! ಮೂವತ್ತು ವರ್ಷ ಸಹಿ ಹಾಕಿ, ಮನವಿ ಕೊಟ್ಟು, ಸಭ್ಯವಾಗಿ ಕೇಳಿದ್ದಾಗಿತ್ತು. ಸಿಟ್ಟಿಗೆ ಸಭ್ಯ ಭಾಷೆ ಹುಡುಕುವ ಕೆಲಸ ಸಿಟ್ಟು ಬರಿಸಿದವರದ್ದಲ್ಲ, ನಮ್ಮದೇ ಅಂತ ಯಾಕೆ ಆಗಬೇಕು? ಆ ಹುಡುಗಿಯರು ಸರಿಯಾಗೇ ಮಾಡಿದರು ಅಂತ ನಾನು ನಂಬುತ್ತೇನೆ.

ಅಕ್ಟೋಬರ್ 27ರಂದು ಕಚಿನ್ಸ್ಕಿ ವಿಡಿಯೊ ಬಿಡುಗಡೆ ಮಾಡಿ, ಏನೇ ಬೆಲೆ ತೆತ್ತಾದರೂ ಚರ್ಚುಗಳನ್ನು ಕಾಪಾಡಿ ಅಂತ ತಮ್ಮವರಿಗೆ ಕರೆ ಕೊಟ್ಟರು. ಈ ಹೋರಾಟ ಪೋಲೆಂಡನ್ನೇ ನಾಶಮಾಡುವ ಪ್ರಯತ್ನ ಅಂದರು. ಒಂದು ಕಾನೂನನ್ನು ವಿರೋಧಿಸುವ ಹೆಣ್ಣನ್ನು ದೇಶಕ್ಕೇ ಶತ್ರು ಮಾಡುವ ಈ ವರಸೆ ಎಲ್ಲ ಕಡೆಯೂ ಒಂದೇ ಥರ ಇರುತ್ತದೆ, ಅಲ್ವಾ? ಅಕ್ಟೋಬರ್ 30ಕ್ಕೆ ವಾರ್ಸಾ ಒಂದರಲ್ಲೇ ಸುಮಾರು ಒಂದು ಲಕ್ಷ ಜನ. ನವೆಂಬರಿನಲ್ಲಿ ಮಫ್ತಿಯಲ್ಲಿದ್ದ ಪೊಲೀಸರು ಲಾಠಿ ಹಿಡಿದು ಗುಂಪಿನೊಳಗೆ ನುಗ್ಗಿದರು. ಸಂಸದೆಯ ಗುರುತಿನ ಚೀಟಿ ತೋರಿಸುತ್ತಿದ್ದ ನೊವಾತ್ಸ್ಕಾ ಅವರ ಮುಖಕ್ಕೇ ಪೊಲೀಸರು ಗ್ಯಾಸ್ ಹೊಡೆದರು.

ಚಳವಳಿಯ ಒಳಗಿನ ತೊಂದರೆಗಳನ್ನೂ ಹೇಳಬೇಕು. ಲೆಂಪಾರ್ತ್ ಮತ್ತು ಜೊತೆಗಾರರು ನವೆಂಬರ್ ಒಂದರಂದು ಒಂದು ಸಲಹಾ ಮಂಡಳಿ ಕಟ್ಟಿದರು. ಗರ್ಭಪಾತದ ಜೊತೆಗೆ ನ್ಯಾಯಾಂಗ, ಶಿಕ್ಷಣ, ಆರೋಗ್ಯ, ಕಾರ್ಮಿಕರ ಹಕ್ಕು, ಸಲಿಂಗಿಗಳ ಹಕ್ಕು, ಚರ್ಚನ್ನು ಸರ್ಕಾರದಿಂದ ಬೇರೆಮಾಡುವುದು, ಹೀಗೆ ಬೇಡಿಕೆ ಬೆಳೆಯುತ್ತಾ ಹೋಯಿತು. ಎಲ್ಲವೂ ಬೇಕಾದದ್ದೇ. ಆದರೆ ಇದನ್ನು ಕೊಟ್ಟರೆ ಮನೆಗೆ ಹೋಗುತ್ತೇವೆ ಅನ್ನುವಂಥ ಒಂದು ಮಾತು ಎದುರಾಳಿಯ ಮುಂದೆ ಇಲ್ಲವಾಯಿತು. ನಾಯಕತ್ವ ಕೆಲವೇ ಜನರ ಮೇಲೆ ನಿಂತಿತು, ಅವರ ಮಾತಿನ ಧಾಟಿ ಎಲ್ಲರಿಗೂ ಹಿಡಿಸಲಿಲ್ಲ. ಸರ್ಕಾರ ಸುಮ್ಮನೆ ಕಾದಿತು. ತೀರ್ಪನ್ನು ಗೆಜೆಟ್ಟಿನಲ್ಲಿ ಪ್ರಕಟಿಸದೆ ಮೂರು ತಿಂಗಳು ಇಟ್ಟುಕೊಂಡಿತು. ಚಳಿ ಹೆಚ್ಚಾಗಿ, ಜನ ದಣಿದ ಮೇಲೆ, 2021ರ ಜನವರಿ 27ರಂದು ಪ್ರಕಟಿಸಿತು. ಅವತ್ತಿನಿಂದ ಜಾರಿ.

ಸಾವುಗಳು

2021ರ ಸೆಪ್ಟೆಂಬರಿನಲ್ಲಿ ದಕ್ಷಿಣ ಪೋಲೆಂಡಿನ ಆಸ್ಪತ್ರೆಯೊಂದರಲ್ಲಿ 22 ವಾರದ ಗರ್ಭಿಣಿ ತೀರಿಕೊಂಡರು. ಗರ್ಭದ ನೀರು ಹೋಗಿತ್ತು, ಭ್ರೂಣ ಉಳಿಯುವುದಿಲ್ಲ ಅಂತ ಗೊತ್ತಿತ್ತು. ಭ್ರೂಣದ ಎದೆಬಡಿತ ನಿಲ್ಲಲಿ ಅಂತ ವೈದ್ಯರು ಕಾಯುತ್ತಿದ್ದಾರೆ ಅಂತ ಆಕೆ ಆಸ್ಪತ್ರೆಯ ಹಾಸಿಗೆಯಿಂದಲೇ ತಾಯಿಗೆ ಮೆಸೇಜ್ ಕಳಿಸಿದ್ದರು. ಸೋಂಕು ರಕ್ತಕ್ಕೆ ಸೇರಿ ಜೀವ ಹೋಯಿತು. ತಾಯಿಯ ಜೀವಕ್ಕೆ ಅಪಾಯ ಇದ್ದರೆ ಗರ್ಭಪಾತ ಮಾಡಬಹುದು ಅಂತ ಕಾನೂನು ಆಗಲೂ ಹೇಳುತ್ತಿತ್ತು. ಆದರೆ ಅಪಾಯ ಎಷ್ಟು ಅಂತ ತೀರ್ಮಾನಿಸಬೇಕಾದ ವೈದ್ಯರ ತಲೆಯ ಮೇಲೆ ಜೈಲಿನ ಭಯ ಇತ್ತು.

ಇದನ್ನು ಓದಿದಾಗ ಕನ್ನಡಿಗರಿಗೆ ಬೆಳಗಾವಿ ನೆನಪಾಗದೆ ಇರದು. 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ನಮ್ಮ ಬೆಳಗಾವಿಯ ದಂತವೈದ್ಯೆಯೊಬ್ಬರು ಹೀಗೇ ಹೋದರು. 17 ವಾರದ ಗರ್ಭ, ಉಳಿಯುವುದಿಲ್ಲ ಅಂತ ಗೊತ್ತಿದ್ದರೂ ಎದೆಬಡಿತ ಇದೆ ಅನ್ನುವ ಕಾರಣಕ್ಕೆ ವೈದ್ಯರು ಕಾದರು, ಆಕೆ ಸೋಂಕಿನಿಂದ ಸತ್ತರು. ಐರ್ಲೆಂಡಿನ ಜನ 2018ರ ಜನಮತಗಣನೆಯಲ್ಲಿ ಶೇಕಡ 66.4 ಮತದಿಂದ ನಿಷೇಧವನ್ನು ಸಂವಿಧಾನದಿಂದಲೇ ತೆಗೆದರು. ಆಕೆಯ ಹೆತ್ತವರು ಬೆಳಗಾವಿಯಲ್ಲಿ ಕೂತೇ ಐರಿಶ್ ಮತದಾರರಿಗೆ ಮನವಿ ಮಾಡಿದ್ದರು. ಎರಡೂ ಕ್ಯಾಥೊಲಿಕ್ ದೇಶಗಳೇ. ಐರ್ಲೆಂಡಿನಲ್ಲಿ ಪ್ರಶ್ನೆ ನೇರವಾಗಿ ಜನರ ಮುಂದೆ ಬಂತು. ಪೋಲೆಂಡಿನಲ್ಲಿ ಜನ ಕೇಳಿಯೂ ಬರಲಿಲ್ಲ, 1990ರ ದಶಕದಲ್ಲೂ ಇಲ್ಲ, ಆಮೇಲೂ ಇಲ್ಲ.

‘ಇನ್ನೊಬ್ಬಳೂ ಬೇಡ’ ಅಂತ ಜನ ಮತ್ತೆ ಮೇಣದ ಬತ್ತಿ ಹಿಡಿದು ಬಂದರು. 2023ರಲ್ಲಿ ಇನ್ನೊಂದು ಆಸ್ಪತ್ರೆಯಲ್ಲಿ ಅಂಥದ್ದೇ ಇನ್ನೊಂದು ಸಾವು, ಮತ್ತೆ ಮೆರವಣಿಗೆ.

ಈ ಅವಧಿಯಲ್ಲಿ ಹೆಂಗಸರಿಗೆ ನಿಜವಾಗಿ ಆಸರೆಯಾದದ್ದು ಸಂಸತ್ತಲ್ಲ, ನ್ಯಾಯಾಲಯವೂ ಅಲ್ಲ. 2019ರ ಡಿಸೆಂಬರಿನಲ್ಲಿ ಹಲವು ದೇಶಗಳ ಗುಂಪುಗಳು ಸೇರಿ ‘ಗಡಿಗಳಿಲ್ಲದ ಗರ್ಭಪಾತ’ ಅನ್ನುವ ಜಾಲ ಕಟ್ಟಿದ್ದವು. ಒಂದು ಫೋನ್ ನಂಬರು. ಕರೆ ಮಾಡಿದರೆ ಮಾತ್ರೆ ಎಲ್ಲಿಂದ ತರಿಸಿಕೊಳ್ಳಬೇಕು, ಹೇಗೆ ತೆಗೆದುಕೊಳ್ಳಬೇಕು, ತಿಂಗಳು ಜಾಸ್ತಿಯಾಗಿದ್ದರೆ ನೆದರ್ಲೆಂಡ್ಸಿಗೋ ಬ್ರಿಟನ್ನಿಗೋ ಹೇಗೆ ಹೋಗಬೇಕು, ದುಡ್ಡಿಲ್ಲದಿದ್ದರೆ ಏನು ಮಾಡಬೇಕು ಅಂತ ಹೇಳುವವರು ಸಿಗುತ್ತಾರೆ. ತೀರ್ಪಿನ ನಂತರದ ಒಂದು ವರ್ಷದಲ್ಲಿ 34 ಸಾವಿರ ಜನರಿಗೆ ನೆರವಾದೆವು ಅಂತ ಈ ಜಾಲ ಹೇಳಿತು. ಆಸ್ಪತ್ರೆಗಳ 1,110ರ ಪಕ್ಕದಲ್ಲಿ ಈ ಸಂಖ್ಯೆ ಇಟ್ಟು ನೋಡಿ. ಪೋಲೆಂಡಿನ ಕಾನೂನಿನಲ್ಲಿ ತಾನೇ ಗರ್ಭಪಾತ ಮಾಡಿಕೊಂಡ ಹೆಣ್ಣಿಗೆ ಶಿಕ್ಷೆ ಇಲ್ಲ, ನೆರವಾದವರಿಗೆ ಮೂರು ವರ್ಷದವರೆಗೆ ಜೈಲು. ಈ ಜಾಲದ ಯುಸ್ತಿನಾ ವಿದ್ಜಿನ್ಸ್ಕಾ ಅವರು, ಗಂಡನ ದೌರ್ಜನ್ಯದಲ್ಲಿ ಸಿಕ್ಕಿಕೊಂಡಿದ್ದ ಒಬ್ಬ ಹೆಣ್ಣಿಗೆ ತಮ್ಮ ಹತ್ತಿರ ಇದ್ದ ಮಾತ್ರೆ ಕಳಿಸಿದ್ದರು. 2023ರ ಮಾರ್ಚಿನಲ್ಲಿ ಅವರಿಗೆ ಎಂಟು ತಿಂಗಳು ಸಮಾಜಸೇವೆಯ ಶಿಕ್ಷೆ ಆಯಿತು. 2025ರ ಫೆಬ್ರವರಿಯಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿ ಮರುವಿಚಾರಣೆಗೆ ಹೇಳಿತು.

ಮತಪೆಟ್ಟಿಗೆಯ ಗೆಲುವು, ಆಮೇಲೆ

2022ರ ನವೆಂಬರಿನಲ್ಲಿ ಕಚಿನ್ಸ್ಕಿ ದೇಶದಲ್ಲಿ ಮಕ್ಕಳು ಯಾಕೆ ಹುಟ್ಟುತ್ತಿಲ್ಲ ಅನ್ನುವುದಕ್ಕೆ ಕಾರಣ ಹೇಳಿದರು: ಚಿಕ್ಕ ವಯಸ್ಸಿನ ಹೆಂಗಸರು ಗಂಡಸರ ಸಮಕ್ಕೆ ಕುಡಿಯುತ್ತಾರಂತೆ. ಗರ್ಭಿಣಿಯಾದರೆ ಆಸ್ಪತ್ರೆಯಲ್ಲಿ ಸಾಯಬೇಕಾದೀತು ಅಂತ ಹೆದರಿದವರ ಬಗ್ಗೆ ಅವರು ಯೋಚಿಸಲಿಲ್ಲ. ಅಷ್ಟು ಹಣ ಹಂಚಿದರೂ 2023ರಲ್ಲಿ ಹುಟ್ಟಿದ ಮಕ್ಕಳು ಸುಮಾರು 2 ಲಕ್ಷ 72 ಸಾವಿರ, ಎರಡನೇ ಮಹಾಯುದ್ಧದ ನಂತರ ಆವರೆಗಿನ ಅತಿ ಕಡಿಮೆ.

2023ರ ಅಕ್ಟೋಬರ್ 15ರ ಚುನಾವಣೆಯಲ್ಲಿ ಶೇಕಡ 74.4 ಮತದಾನ ಆಯಿತು. 1989ರ ಆ ಐತಿಹಾಸಿಕ ಚುನಾವಣೆಯಲ್ಲೂ ಇಷ್ಟು ಆಗಿರಲಿಲ್ಲ. ಮತಗಟ್ಟೆ ಸಮೀಕ್ಷೆಯ ಪ್ರಕಾರ ಗಂಡಸರಿಗಿಂತ ಹೆಂಗಸರು ಸ್ವಲ್ಪ ಹೆಚ್ಚೇ ಬಂದಿದ್ದರು. ಮೂವತ್ತರ ಒಳಗಿನವರ ಮತದಾನ 2019ರ ಶೇಕಡ 46ರಿಂದ 69ರ ಹತ್ತಿರಕ್ಕೆ ಹಾರಿತು. ಬೆಲೆ ಏರಿಕೆ, ಯುರೋಪ್ ಒಕ್ಕೂಟದಿಂದ ಬರಬೇಕಿದ್ದ ಹಣ ನಿಂತದ್ದು, ಇವೂ ಕಾರಣಗಳೇ. ಆದರೂ 2020ರಲ್ಲಿ ಮಿಂಚಿನ ಗುರುತು ಹಿಡಿದ ಹುಡುಗಿಯರಿಗೆ ಅಷ್ಟರಲ್ಲಿ ಮತದ ವಯಸ್ಸು ಆಗಿತ್ತು ಅನ್ನುವುದನ್ನು ಯಾರೂ ಅಲ್ಲಗಳೆಯಲಾರರು. ಪಿಸ್ 194 ಸ್ಥಾನಗಳೊಂದಿಗೆ ದೊಡ್ಡ ಪಕ್ಷವಾಗಿಯೇ ಉಳಿಯಿತು. ಎದುರಿನ ಮೂರು ಗುಂಪುಗಳಿಗೆ ಸೇರಿ 248 ಬಂತು. ಡಿಸೆಂಬರಿನಲ್ಲಿ ಡೊನಾಲ್ಡ್ ಟುಸ್ಕ್ ಪ್ರಧಾನಿಯಾದರು. 12 ವಾರದವರೆಗೆ ಗರ್ಭಪಾತ ಕಾನೂನುಬದ್ಧ ಮಾಡುತ್ತೇವೆ ಅನ್ನುವುದು ಅವರ ಪಕ್ಷದ ಮೊದಲ ನೂರು ದಿನಗಳ ಭರವಸೆಗಳಲ್ಲಿ ಒಂದಾಗಿತ್ತು.

ಆ ಭರವಸೆ ಈಡೇರಲಿಲ್ಲ. ಸಂಸತ್ತಿನ ಸ್ಪೀಕರ್ ಶಿಮೊನ್ ಹೊವೊವ್ನ್ಯಾ ಸ್ಥಳೀಯ ಚುನಾವಣೆ ಮುಗಿಯಲಿ ಅಂತ ಚರ್ಚೆ ಮುಂದೂಡಿದರು. 2024ರ ಏಪ್ರಿಲ್‌ನಲ್ಲಿ ನಾಲ್ಕು ಮಸೂದೆಗಳು ಸಮಿತಿಗೆ ಹೋದವು. ಜುಲೈ 12ರಂದು ಎಲ್ಲಕ್ಕಿಂತ ಸಣ್ಣ ಮಸೂದೆ, ಗರ್ಭಪಾತಕ್ಕೆ ನೆರವಾದವರನ್ನು ಜೈಲಿಗೆ ಹಾಕುವುದು ಬೇಡ ಅನ್ನುವುದಷ್ಟೇ, ಮತಕ್ಕೆ ಬಂತು. ಪರ 215, ವಿರುದ್ಧ 218. ಸೋಲಿಸಿದವರಲ್ಲಿ ಸರ್ಕಾರದೊಳಗಿನ ರೈತ ಪಕ್ಷದ ಸಂಸದರೂ ಇದ್ದರು. ಟುಸ್ಕ್ ಪಕ್ಷದಲ್ಲೇ ಕೆಲವರು ಮತ ಹಾಕಲಿಲ್ಲ. ಬೀದಿಯಲ್ಲಿ ಒದ್ದೆಯಾಗಿ, ಏಟು ತಿಂದು, ಮತಗಟ್ಟೆಯಲ್ಲಿ ಸಾಲು ನಿಂತು ಈ ಸರ್ಕಾರ ತಂದವರಿಗೆ ಮೂರು ಮತ ಕಡಿಮೆ ಬಿದ್ದವು. ನನಗೆ 2020ರ ತೀರ್ಪಿಗಿಂತ ಇದು ಜಾಸ್ತಿ ನೋವಿನ ಸಂಗತಿ. ಆ ತೀರ್ಪು ಕೊಟ್ಟವರು ಎದುರಾಳಿಗಳು, ಇವರು ತಮ್ಮವರು. ಆಗಸ್ಟಿನಲ್ಲಿ ಟುಸ್ಕ್, ಈ ಅವಧಿಯ ಸಂಸತ್ತಿನಲ್ಲಿ ಬಹುಮತ ಸಿಗುವುದಿಲ್ಲ ಅಂತ ಕೈಚೆಲ್ಲಿದರು.

ಏನೂ ಆಗಲಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಐವಿಎಫ್ ಚಿಕಿತ್ಸೆಗೆ ಸರ್ಕಾರದ ಹಣ ಮತ್ತೆ ಬಂತು. ಅತ್ಯಾಚಾರದ ವ್ಯಾಖ್ಯೆ ಬದಲಾಯಿತು, 2025ರ ಫೆಬ್ರವರಿಯಿಂದ ಒಪ್ಪಿಗೆ ಇಲ್ಲದಿರುವುದೇ ಅಪರಾಧ. ಮಾನಸಿಕ ಆರೋಗ್ಯಕ್ಕೆ ಅಪಾಯವೂ ಆರೋಗ್ಯಕ್ಕೆ ಅಪಾಯವೇ, ಆ ಕಾರಣಕ್ಕೆ ಗರ್ಭಪಾತ ನಿರಾಕರಿಸುವಂತಿಲ್ಲ ಅಂತ ಆಸ್ಪತ್ರೆಗಳಿಗೂ ಪ್ರಾಸಿಕ್ಯೂಟರುಗಳಿಗೂ ಸೂಚನೆ ಹೋಯಿತು, ನಿರಾಕರಿಸಿದ ಆಸ್ಪತ್ರೆಗೆ ದಂಡ. ಸಂಭೋಗದ ನಂತರ ತೆಗೆದುಕೊಳ್ಳುವ ಗರ್ಭನಿರೋಧಕ ಮಾತ್ರೆಗೆ ವೈದ್ಯರ ಚೀಟಿ ಬೇಡ ಅಂತ ಸಂಸತ್ತು ಮಾಡಿದ ಕಾನೂನನ್ನು ದೂದಾ ತಡೆದರು. ಸರ್ಕಾರ ಔಷಧಿ ಅಂಗಡಿಯವರಿಗೇ ಚೀಟಿ ಬರೆಯುವ ಅಧಿಕಾರ ಕೊಟ್ಟು ಸುತ್ತುದಾರಿ ಹಿಡಿಯಿತು. ಆದರೆ ಸೂಚನೆಗಳು ಕಾನೂನಲ್ಲ. ಮುಂದಿನ ಸಚಿವರು ಒಂದು ಸಹಿಯಲ್ಲಿ ಅವನ್ನು ತೆಗೆಯಬಹುದು.

2025ರ ಜೂನ್ 1ರಂದು ಪಿಸ್ ಬೆಂಬಲದ ಕರೋಲ್ ನವ್ರೊತ್ಸ್ಕಿ ಶೇಕಡ 50.89 ಮತದಿಂದ ರಾಷ್ಟ್ರಪತಿಯಾದರು. ಸೋತವರು ವಾರ್ಸಾದ ಮೇಯರ್ ರಫಾವ್ ತ್ಶಸ್ಕೊವ್ಸ್ಕಿ. ಮೊದಲ ಸುತ್ತಿನಲ್ಲಿ ಮೂವತ್ತರೊಳಗಿನವರಲ್ಲಿ ಮುಂದಿದ್ದದ್ದು ಸ್ವಾವೊಮಿರ್ ಮೆಂತ್ಸೆನ್, ಅತ್ಯಾಚಾರದಿಂದಾದ ಗರ್ಭವನ್ನೂ ತೆಗೆಸಬಾರದು ಅನ್ನುವ ಅಭ್ಯರ್ಥಿ. 2023ರಲ್ಲಿ ಓಡಿಬಂದು ಮತ ಹಾಕಿದ ತಲೆಮಾರು ಒಂದೇ ಕಡೆ ನಿಂತಿಲ್ಲ. ಭರವಸೆ ಮುರಿದವರ ಪರವಾಗಿ ಮತ್ತೆ ಮನೆಮನೆ ತಿರುಗಲು ಎಷ್ಟು ಹುಡುಗಿಯರಿಗೆ ಮನಸ್ಸು ಬಂದಿರುತ್ತದೆ? ಗರ್ಭಪಾತವನ್ನು ಸಡಿಲಿಸುವ ಯಾವ ಕಾನೂನಿಗೂ ಸಹಿ ಹಾಕುವುದಿಲ್ಲ ಅಂತ ನವ್ರೊತ್ಸ್ಕಿ ಮೊದಲೇ ಹೇಳಿದ್ದಾರೆ. ಅವರ ತಡೆಯನ್ನು ಮೀರಲು ಸಂಸತ್ತಿನಲ್ಲಿ ಐದರಲ್ಲಿ ಮೂರು ಪಾಲು ಮತ ಬೇಕು, ಈ ಸರ್ಕಾರಕ್ಕೆ ಅದಿಲ್ಲ.

ಹೀಗೆ ನೋಡಿದರೆ ಕುರ್ಚಿಗಳ ಲೆಕ್ಕ ಸ್ಪಷ್ಟ. ಚಳವಳಿ ಗೆದ್ದದ್ದು ಸಂಸತ್ತಿನ ಬಹುಮತ, ಅದೂ ಅರೆಮನಸ್ಸಿನದು. ನ್ಯಾಯಮಂಡಳಿ ಎದುರಾಳಿಯ ಕೈಯಲ್ಲೇ ಇತ್ತು, ರಾಷ್ಟ್ರಪತಿಯ ಪೆನ್ನೂ ಅವರ ಕೈಯಲ್ಲೇ. 2023ರ ಡಿಸೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2020ರ ತೀರ್ಪಿನಿಂದಾಗಿ ನೆದರ್ಲೆಂಡ್ಸಿಗೆ ಹೋಗಬೇಕಾದ ಹೆಣ್ಣೊಬ್ಬರ ಪರ ನಿಂತು, ಆ ಮಂಡಳಿಯ ರಚನೆಯೇ ನಿಯಮಬದ್ಧವಾಗಿರಲಿಲ್ಲ ಅಂತ ಹೇಳಿತು. ಒಳ್ಳೆಯದೇ. ಆದರೆ ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರು ನೋಡುವುದು ಸ್ಟ್ರಾಸ್‌ಬರ್ಗಿನಲ್ಲಿರುವ ಆ ನ್ಯಾಯಾಲಯದ ತೀರ್ಪನ್ನಲ್ಲ, ತಮ್ಮ ಊರಿನ ಪ್ರಾಸಿಕ್ಯೂಟರನ್ನು.

ಇಷ್ಟಾದರೂ ಅಲ್ಲಿಯ ಹೆಂಗಸರು ಸಂಸತ್ತಿಗಾಗಿ ಕಾಯುತ್ತಾ ಕೂತಿಲ್ಲ. 2025ರ ಮಾರ್ಚ್ 8ರಂದು ವಿದ್ಜಿನ್ಸ್ಕಾ ಅವರ ಗುಂಪು ವಾರ್ಸಾದ ವಿಯೆಯ್ಸ್ಕಾ ಬೀದಿಯಲ್ಲಿ, ಸಂಸತ್ತಿನ ಎದುರಿಗೇ, ಗರ್ಭಪಾತ ಸಹಾಯ ಕೇಂದ್ರ ತೆರೆಯಿತು. ಹೋದವರಿಗೆ ಅಲ್ಲೇ ಕೂತು ಮಾತ್ರೆ ತೆಗೆದುಕೊಳ್ಳಬಹುದು, ಜೊತೆಗೆ ಯಾರಾದರೂ ಇರುತ್ತಾರೆ. ಹೊರಗೆ ನಿಷೇಧವಾದಿಗಳು ಕೂಗಾಡುತ್ತಾರೆ, ಒಳಗೆ ಕೆಲಸ ನಡೆಯುತ್ತದೆ. ಮುಂದಿನ ಸಂಸತ್ ಚುನಾವಣೆ 2027ರಲ್ಲಿ. ಅಷ್ಟರೊಳಗೆ 215 ಅನ್ನುವುದನ್ನು ಹೆಚ್ಚಿಸಬೇಕಾದರೆ, ವಿರುದ್ಧ ಮತ ಹಾಕಿದ ರೈತ ಪಕ್ಷದ ಒಬ್ಬೊಬ್ಬ ಸಂಸದನ ಕ್ಷೇತ್ರದಲ್ಲೂ 2016ರ ಆ 143 ಊರುಗಳಂಥ ಊರುಗಳಿವೆ, ಅಲ್ಲಿ ಕಪ್ಪು ಬಟ್ಟೆ ಹಾಕಿ ನಿಂತ ಹೆಂಗಸರಿದ್ದಾರೆ. ಅವರು ಆ ಸಂಸದನ ಕಚೇರಿಗೆ ಹೋಗಿ, ಜುಲೈ 12ರಂದು ನೀವು ಯಾವ ಬಟನ್ ಒತ್ತಿದಿರಿ ಅಂತ ಹೆಸರು ಹಿಡಿದು ಕೇಳುವುದರಿಂದ ಶುರುವಾಗಬೇಕು ಅನ್ನುವುದು ನನ್ನ ಅಭಿಪ್ರಾಯ.